ಸೆಖೆಯ ಊರಿನಿಂದ ಹಿಮದ ಊರಿಗೆ: ಚೀಲದಲ್ಲಿ ಏನಿರಬೇಕು, ಏಕಿರಬೇಕು

ಕೇದಾರನಾಥದ ಬಾಗಿಲು ತೆರೆಯುವ ದಿನ ಶಿವರಾತ್ರಿಯಂದು ಪ್ರಕಟವಾಗುತ್ತದೆ. ಅಲ್ಲಿಂದ ಮುಂದೆ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಮೊದಲು ರೈಲು ಟಿಕೆಟಿನ ಮಾತು, ಆಮೇಲೆ ರಜೆಯ ಮಾತು, ಕೊನೆಗೆ ಬಟ್ಟೆಯ ಮಾತು ನಡೆಯುತ್ತದೆ. ಮಧ್ವಾಚಾರ್ಯರು ನಡೆದು ಹೋದರೆಂದು ಪರಂಪರೆ ಹೇಳುವ ಬದರಿಯ ದಾರಿ ಉಡುಪಿಯವರಿಗೆ ಹೊಸತಲ್ಲ. ಈಚಿನ ವರ್ಷಗಳಲ್ಲಿ ಲೇಹ್, ಮನಾಲಿ, ಸ್ಪಿತಿಗಳೂ ಅದರೊಂದಿಗೆ ಸೇರಿಕೊಂಡಿವೆ. ಆದರೆ ನಮ್ಮಲ್ಲಿ ಡಿಸೆಂಬರಿನ ಮುಂಜಾವಿನಲ್ಲೂ ತಾಪಮಾನ 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ವರ್ಷವಿಡೀ ಫ್ಯಾನಿನ ಕೆಳಗೆ ಮಲಗುವ ನಮಗೆ ಚಳಿ ಎನ್ನುವುದು ಕೇಳಿ ತಿಳಿದ ಸಂಗತಿಯೇ ಹೊರತು ಮೈಗೆ ಪರಿಚಯವಾದದ್ದಲ್ಲ. ಹಾಗಾಗಿ ‘ಒಂದು ದಪ್ಪ ಸ್ವೆಟರ್, ಒಂದು ಮಂಕಿ ಕ್ಯಾಪ್ ಇದ್ದರೆ ಆಯಿತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಅಷ್ಟರಿಂದ ಆಗುವುದಿಲ್ಲ ಎಂಬುದನ್ನು, ಏಕೆ ಆಗುವುದಿಲ್ಲ ಎಂಬ ಕಾರಣದೊಂದಿಗೆ ತಿಳಿದುಕೊಂಡರೆ ಅಂಗಡಿಯಲ್ಲಿ ಹಣವೂ ಉಳಿಯುತ್ತದೆ, ದಾರಿಯಲ್ಲಿ ಆರೋಗ್ಯವೂ ಉಳಿಯುತ್ತದೆ. ಎತ್ತರದ ಪರ್ವತಗಳಲ್ಲಿ ಒಂದೇ ದಿನದೊಳಗೆ ಸುಡುಬಿಸಿಲು, ಮಳೆ, ಗಾಳಿ, ಹಿಮ ನಾಲ್ಕೂ ಬರಬಹುದು. ಈ ನಾಲ್ಕರ ನಡುವೆ ಪ್ರಯಾಣಿಕನನ್ನು ಹೆಚ್ಚು ಬಾಧಿಸುವುದು ಮೈ ಒದ್ದೆಯಾಗುವುದು. ಚೀಲ ತುಂಬುವ ಲೆಕ್ಕವೆಲ್ಲ ಈ ಒಂದು ಮಾತಿನಿಂದ ಹೊರಡುತ್ತದೆ.

ನಮ್ಮ ಹವೆ ಏಕೆ ಸ್ಥಿರ, ಅಲ್ಲಿಯದು ಏಕೆ ಚಂಚಲ

ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬಚ್ಚಲಿನ ಹಂಡೆಯಲ್ಲಿ ಬೆಳಿಗ್ಗೆ ಕಾಯಿಸಿದ ನೀರು ಮಧ್ಯಾಹ್ನದವರೆಗೂ ಉಗುರುಬೆಚ್ಚಗೆ ಇರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬಿ ಸಮುದ್ರ ಕರಾವಳಿಯ ಪಾಲಿಗೆ ಅಂಥದೊಂದು ದೊಡ್ಡ ಹಂಡೆ. ಹಗಲಿನ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ, ರಾತ್ರಿ ಮೆಲ್ಲನೆ ಹೊರಗೆ ಬಿಡುತ್ತದೆ. ಗಾಳಿಯಲ್ಲಿ ತುಂಬಿರುವ ನೀರಾವಿಯೂ ರಾತ್ರಿಯ ಹೊತ್ತು ನೆಲದ ಬಿಸಿ ಆಕಾಶಕ್ಕೆ ಹಾರಿಹೋಗದಂತೆ ಹೊದಿಕೆಯಾಗಿ ನಿಲ್ಲುತ್ತದೆ. ನಾವು ಸೆಖೆ ಎಂದು ಬೈದುಕೊಳ್ಳುವ ಅದೇ ತೇವ ನಮ್ಮ ಹಗಲು ರಾತ್ರಿಗಳ ಅಂತರವನ್ನು ಚಿಕ್ಕದಾಗಿಸಿದೆ.

ಲೇಹ್‌ನಲ್ಲಿ ಈ ಹಂಡೆಯೂ ಇಲ್ಲ, ಹೊದಿಕೆಯೂ ಇಲ್ಲ. ಅದು ಸುಮಾರು 3,500 ಮೀಟರ್ ಎತ್ತರದಲ್ಲಿ, ಹಿಮಾಲಯದ ಮಳೆಯ ನೆರಳಿನಲ್ಲಿರುವ ಊರು. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಜುಲೈ ತಿಂಗಳಲ್ಲಿ ಅಷ್ಟು ಮಳೆ ಉಡುಪಿಯಲ್ಲಿ ಒಂದೇ ದಿನಕ್ಕೆ ಬಂದರೂ ಯಾರೂ ಅಚ್ಚರಿಪಡುವುದಿಲ್ಲ. ಒಣಗಾಳಿಯ ಕಾರಣದಿಂದ ಅಲ್ಲಿ ಹಗಲಿನ ಬಿಸಿಲು ಚುರುಗುಟ್ಟುತ್ತದೆ, ಸೂರ್ಯ ಗುಡ್ಡದ ಹಿಂದೆ ಸರಿದ ಸ್ವಲ್ಪ ಹೊತ್ತಿಗೇ ಚಳಿ ಇಳಿಯುತ್ತದೆ. ಬಿಸಿಲಿಗೂ ನೆರಳಿಗೂ ನಡುವೆಯೇ ಒಂದು ಜಾಕೆಟಿನಷ್ಟು ವ್ಯತ್ಯಾಸವಿರುತ್ತದೆ.

ಎತ್ತರದ ಲೆಕ್ಕ ಇನ್ನೊಂದು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಳೆದುಕೊಂಡು ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸರಾಸರಿಯಾಗಿ ಪ್ರತಿ 1,000 ಮೀಟರಿಗೆ 6.5 ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ. ಕುದುರೆಮುಖದ ತುದಿ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ಕಾರ್ಕಳದಲ್ಲಿ ಬೆವರು ಸುರಿಯುತ್ತಿರುವ ಹೊತ್ತಿಗೆ ಅಲ್ಲಿ ತಂಪಾಗಿರುವುದಕ್ಕೆ ಇದೇ ಕಾರಣ. ಇದನ್ನೇ ಕೇದಾರನಾಥಕ್ಕೆ ಹಿಡಿದು ನೋಡಿದರೆ, ನಡಿಗೆ ಆರಂಭವಾಗುವ ಗೌರಿಕುಂಡ ಸುಮಾರು 1,980 ಮೀಟರಿನಲ್ಲಿದೆ, ಕ್ಷೇತ್ರವಿರುವುದು 3,583 ಮೀಟರಿನಲ್ಲಿ. ಅಂದರೆ ಒಂದು ದಿನದ ನಡಿಗೆಯೊಳಗೆ, ಹವೆ ಕೆಡದಿದ್ದರೂ, ಹತ್ತು ಡಿಗ್ರಿಯಷ್ಟು ವ್ಯತ್ಯಾಸ.

ಹವೆ ಕೆಡುವುದು ಹೇಗೆ ಎಂಬುದನ್ನು ಆಗುಂಬೆಯನ್ನು ನೆನಪಿಸಿಕೊಂಡರೆ ತಿಳಿಯಬಹುದು. ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಗಲಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗಿ ಮೋಡವಾಗುತ್ತದೆ, ಮಳೆಯಾಗಿ ಸುರಿಯುತ್ತದೆ. ಹಿಮಾಲಯದ ಕಣಿವೆಗಳಲ್ಲೂ ನಡೆಯುವುದು ಇದೇ, ಆದರೆ ಅಲ್ಲಿ ಪ್ರತಿಯೊಂದು ಕಣಿವೆಗೂ ಅದರದೇ ಏರಿಳಿತ. ಬೆಳಗಿನ ಬಿಸಿಲಿಗೆ ಇಳಿಜಾರುಗಳು ಕಾಯುತ್ತವೆ, ಗಾಳಿ ಅವುಗಳ ಗುಂಟ ಮೇಲೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಮಳೆಯೋ ಆಲಿಕಲ್ಲೋ ಬೀಳುತ್ತದೆ. ಸ್ಥಳೀಯರು ನಸುಕಿನಲ್ಲೇ ಹೊರಡಿ ಎಂದು ಒತ್ತಾಯಿಸುವುದು ಇದಕ್ಕಾಗಿ. ಇದಲ್ಲದೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ವಾಯುಭಾರದ ಅಲೆಗಳಿವೆ. ಹವಾಮಾನ ವರದಿಗಳಲ್ಲಿ ‘ಪಶ್ಚಿಮದ ಪ್ರಕ್ಷುಬ್ಧತೆ’ ಎಂದು ಕೇಳಿಬರುವುದು ಇವುಗಳ ಹೆಸರು. ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ಹಿಮ ತರುವ ಇವು ಮೇ ತಿಂಗಳಲ್ಲಿ ಬಂದರೂ ಕೇದಾರದಲ್ಲಿ ಹಿಮ ಬೀಳಬಹುದು.

ಮೊಬೈಲಿನಲ್ಲಿ ಕಾಣುವ ತಾಪಮಾನವನ್ನು ನಂಬಿ ಚೀಲ ಕಟ್ಟುವಂತಿಲ್ಲ ಎಂಬುದು ಇದರಿಂದ ಹೊರಡುವ ಮಾತು. ಆ ಅಂಕಿ ಒಂದು ವಿಸ್ತಾರವಾದ ಪ್ರದೇಶಕ್ಕೆ ಕಟ್ಟಿದ ಅಂದಾಜು. ನೀವು ನಿಂತಿರುವ ತಿರುವಿನದಲ್ಲ.

ಮೈಯ ಬಿಸಿ ಹೋಗುವ ನಾಲ್ಕು ದಾರಿಗಳು

ನಮ್ಮ ದೇಹ ಒಳಗಿನ ತಾಪಮಾನವನ್ನು ಸುಮಾರು 37 ಡಿಗ್ರಿಯಲ್ಲಿ ಇರಿಸಿಕೊಳ್ಳಲು ಎಡೆಬಿಡದೆ ಉರಿಯುವ ಒಂದು ಒಲೆ. ಹೊರಗೆ ತಂಪಿದ್ದಾಗ ಈ ಬಿಸಿ ನಾಲ್ಕು ರೀತಿಯಲ್ಲಿ ಸೋರುತ್ತದೆ. ತಣ್ಣನೆಯ ಕಾವಿ ಬಣ್ಣದ ನೆಲದ ಮೇಲೆ ಬರಿ ಮೈಯಲ್ಲಿ ಮಲಗಿದಾಗ ಬೆನ್ನಿಗೆ ಹಿತವೆನಿಸುತ್ತದಲ್ಲ, ಅದು ಮುಟ್ಟಿದ ವಸ್ತುವಿಗೆ ಬಿಸಿ ಹರಿದುಹೋಗುವ ವಹನ. ಬಟ್ಟಲಿನ ಕುಚ್ಚಲಕ್ಕಿ ಗಂಜಿಯ ಮೇಲೆ ಊದಿ ಆರಿಸುವುದು, ಬಿಸಿಗಾಳಿಯನ್ನು ಸರಿಸಿ ತಣ್ಣನೆಯ ಗಾಳಿಯನ್ನು ತರುವ ಸಂವಹನ. ಮೋಡವಿಲ್ಲದ ರಾತ್ರಿ ಅಂಗಳದ ಕಲ್ಲು ಬೇಗನೆ ತಣಿಯುವುದು ವಿಕಿರಣ. ಸ್ನಾನ ಮಾಡಿ ಬೈರಾಸು ಸುತ್ತಿಕೊಂಡು ಫ್ಯಾನಿನ ಕೆಳಗೆ ನಿಂತಾಗ ಮೈ ಜುಮ್ಮೆನ್ನುವುದು ಆವಿಯಾಗುವಿಕೆ. ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಚರ್ಮದಿಂದಲೇ ಎತ್ತಿಕೊಳ್ಳುತ್ತದೆ.

ಕರಾವಳಿಯಲ್ಲಿ ಈ ನಾಲ್ಕೂ ನಮಗೆ ಬೇಕಾದ ಸುಖಗಳು. ಹಿಮದ ಊರಿನಲ್ಲಿ ನಾಲ್ಕನ್ನೂ ತಡೆಯಬೇಕು.

ಬಟ್ಟೆಗೆ ಸ್ವಂತ ಬಿಸಿಯಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮಲ್ಪೆಯ ಬಂದರಿನಲ್ಲಿ ಮೀನನ್ನು ಮಂಜುಗಡ್ಡೆಯೊಂದಿಗೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದೇ ಪೆಟ್ಟಿಗೆಯಲ್ಲಿ ಬಿಸಿ ಇಡ್ಲಿ ಇಟ್ಟರೆ ಅದು ಬಿಸಿಯಾಗಿಯೇ ಉಳಿಯುತ್ತದೆ. ಥರ್ಮೋಕೋಲಿನ ಬಹುಪಾಲು ಗಾಳಿಯೇ. ಸಣ್ಣ ಸಣ್ಣ ಕೋಶಗಳಲ್ಲಿ ಸಿಕ್ಕಿಬಿದ್ದು ಕದಲಲಾರದ ಗಾಳಿ. ಕದಲದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಉಣ್ಣೆಯೂ ಗರಿಯೂ ಮಾಡುವುದು ಇದೇ ಕೆಲಸ: ಮೈಯ ಸುತ್ತ ನಿಂತ ಗಾಳಿಯ ಒಂದು ಪದರವನ್ನು ಹಿಡಿದಿಡುವುದು. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಎಲ್ಲವೂ ತಲೆಕೆಳಗಾಗುತ್ತದೆ, ಏಕೆಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ.

ಹತ್ತಿಯ ಬನಿಯನ್ ಏಕೆ ಬೇಡ

ನಮ್ಮ ಸೆಖೆಗೆ ಹತ್ತಿಯಷ್ಟು ಒಳ್ಳೆಯ ಬಟ್ಟೆ ಇನ್ನೊಂದಿಲ್ಲ. ಅದು ಬೆವರನ್ನು ಹೀರುತ್ತದೆ, ಹಿಡಿದುಕೊಳ್ಳುತ್ತದೆ, ಮೆಲ್ಲನೆ ಆವಿ ಮಾಡಿ ಮೈಯನ್ನು ತಂಪಾಗಿಸುತ್ತದೆ. ಊರಿನಲ್ಲಿ ಗುಣವಾದದ್ದು ಅಲ್ಲಿ ದೋಷವಾಗುವುದು ಹೀಗೆಯೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ನಾನು ಹೋದ ಮಳೆಗಾಲದಲ್ಲಿ ಮಾಡಿ ನೋಡಿದೆ. ಒಂದು ಹತ್ತಿಯ ಬನಿಯನ್, ಒಂದು ಪಾಲಿಯೆಸ್ಟರಿನ ಆಟದ ಟೀ ಶರ್ಟ್, ಒಂದು ಉಣ್ಣೆಯ ಮಫ್ಲರ್ ಮೂರನ್ನೂ ಒಂದೇ ಬಕೆಟಿನಲ್ಲಿ ನೆನೆಸಿ, ಒಂದೇ ಬಲದಲ್ಲಿ ಹಿಂಡಿ, ಹೊರಗೆ ಮಳೆ ಸುರಿಯುತ್ತಿರುವಾಗ ಜಗಲಿಯ ಹಗ್ಗದಲ್ಲಿ ಸಾಲಾಗಿ ಹಾಕಿದೆ. ಟೀ ಶರ್ಟ್ ರಾತ್ರಿಯ ಹೊತ್ತಿಗೆ ಧರಿಸುವಂತಾಗಿತ್ತು. ಬನಿಯನ್ ಮರುದಿನ ಬೆಳಿಗ್ಗೆಯೂ ಕಂಕುಳಿನ ಹೊಲಿಗೆಯ ಬಳಿ ತಣ್ಣಗೆ, ಭಾರವಾಗಿ, ಬೆರಳಿಗೆ ಅಂಟುವಂತೆ ಉಳಿದಿತ್ತು. ಮಫ್ಲರಿನಲ್ಲಿ ತೇವವಿತ್ತು, ಆದರೂ ಕುತ್ತಿಗೆಗೆ ಸುತ್ತಿಕೊಂಡಾಗ ಬನಿಯನ್ನಿನಂತೆ ಮೈ ನಡುಗಿಸಲಿಲ್ಲ. ಪಾಲಿಯೆಸ್ಟರಿನ ಎಳೆ ನೀರನ್ನು ಒಳಗೆ ಸೇರಿಸಿಕೊಳ್ಳುವುದೇ ಇಲ್ಲವೆನ್ನಬಹುದು, ಆದ್ದರಿಂದ ಅದು ಬೇಗ ಒಣಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಎಳೆಗಳ ಒಳಕ್ಕೆ ಎಳೆದುಕೊಂಡರೂ ಹೊರಗೆ ಒದ್ದೆಯೆನಿಸುವುದಿಲ್ಲ, ಅದರ ಸುರುಳಿ ಸುರುಳಿ ಎಳೆಗಳ ನಡುವೆ ಗಾಳಿಯೂ ಉಳಿದಿರುತ್ತದೆ. ನಮ್ಮ ಹಿರಿಯರು ಜಡಿಮಳೆಯಲ್ಲಿ ಗದ್ದೆಗೆ ಇಳಿಯುವಾಗ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿನಿಂದ ಇಳಿಬಿಟ್ಟುಕೊಳ್ಳುತ್ತಿದ್ದುದು ಈ ಗುಣದಿಂದಲೇ. ಕಂಬಳಿ ತೋಯುತ್ತಿತ್ತು, ಮೈ ಬೆಚ್ಚಗಿರುತ್ತಿತ್ತು.

ಇದು ತಿಳಿಯದೆ ನಾನು ಪಟ್ಟ ಪಾಡನ್ನು ಹೇಳಬೇಕು. ಮೊದಲ ಸಲ ಕೇದಾರಕ್ಕೆ ಹತ್ತುವಾಗ ಹತ್ತಿಯ ಬನಿಯನ್ ಮೇಲೆ ನೇರವಾಗಿ ದಪ್ಪ ಜಾಕೆಟ್ ತೊಟ್ಟಿದ್ದೆ. ಏರುದಾರಿಯಲ್ಲಿ ಜಾಕೆಟಿನ ಒಳಗೆ ಬೆವರು ಹರಿಯಿತು. ಚಳಿಯ ಊರಿನಲ್ಲಿ ಬೆವರುವುದು ಒಳ್ಳೆಯದೇ ಎಂದುಕೊಂಡೆ. ಲಿಂಚೋಲಿಯ ಬಳಿ ಚಹಾ ಕುಡಿಯಲು ನಿಂತು ಕಾಲು ಗಂಟೆಯಾಗುವುದರೊಳಗೆ ಬೆನ್ನಿಗಂಟಿದ ಬನಿಯನ್ ಐಸಿನ ಹಾಳೆಯಂತಾಯಿತು. ಹಲ್ಲು ಕಟಕಟಿಸಲು ಆರಂಭವಾಗಿ ಚಹಾದ ಲೋಟ ಕೈಯಲ್ಲಿ ನಿಲ್ಲಲಿಲ್ಲ. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಅಂಗಡಿಯಾತ ಒಲೆಯ ಹತ್ತಿರ ಕೂರಿಸಿ, ಮೊದಲು ಒಳಗಿನ ಬಟ್ಟೆ ಬಿಚ್ಚಿ ಎಂದ. ಬನಿಯನ್ ತೆಗೆದು, ಒಣಗಿದ ಅಂಗಿ ತೊಟ್ಟ ಹತ್ತು ನಿಮಿಷದಲ್ಲಿ ನಡುಕ ನಿಂತಿತು.

ಮೂರು ಪದರಗಳ ವ್ಯವಸ್ಥೆ

ಚಾರಣದ ಅನುಭವವಿರುವವರು ‘ಲೇಯರಿಂಗ್’ ಎನ್ನುವುದು ಒಂದೇ ದಪ್ಪ ಬಟ್ಟೆಯ ಬದಲು ಬೇರೆ ಬೇರೆ ಕೆಲಸ ಮಾಡುವ ಮೂರು ತೆಳು ಬಟ್ಟೆಗಳನ್ನು ತೊಡುವ ಕ್ರಮಕ್ಕೆ. ದಪ್ಪ ಸ್ವೆಟರ್ ಒಂದಿದ್ದರೆ ಹಾಕಬೇಕು, ಇಲ್ಲವೇ ತೆಗೆಯಬೇಕು, ನಡುವಿನ ದಾರಿಯಿಲ್ಲ. ಪದರಗಳಿದ್ದರೆ ಗಂಟೆಗೊಮ್ಮೆ ಬದಲಾಗುವ ಹವೆಗೆ ತಕ್ಕಂತೆ ಒಂದನ್ನು ಸೇರಿಸಬಹುದು, ಒಂದನ್ನು ಕಳಚಬಹುದು.

ಮೈಗೆ ತಾಗುವ ಮೊದಲ ಪದರದ ಕೆಲಸ ಬೆವರನ್ನು ಚರ್ಮದಿಂದ ಆಚೆಗೆ ಸಾಗಿಸುವುದು. ಅಂಗಡಿಗಳಲ್ಲಿ ‘ಥರ್ಮಲ್’ ಎಂದು ಮಾರುವುದು ಇದನ್ನೇ, ಆದರೆ ಆ ಹೆಸರಿನಲ್ಲಿ ಹತ್ತಿಯ ಒಳ ಉಡುಪುಗಳೂ ಬರುತ್ತವೆ. ಕಾಲರಿನ ಬಳಿ ಹೊಲಿದ ಚೀಟಿ ಓದಿ, ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆ ಎಂದಿರುವುದನ್ನು ಆರಿಸಿಕೊಳ್ಳಬೇಕು. ಮೈಗೆ ಅಂಟಿಕೊಂಡು ಕೂರುವ ಅಳತೆಯೇ ಸರಿ. ಒಂದು ವಾರಕ್ಕೆ ಎರಡು ಜೊತೆ ಸಾಕು: ಒಂದು ನಡೆಯಲು, ಒಂದು ಮಲಗಲು.

ಎರಡನೆಯ ಪದರ ಗಾಳಿಯನ್ನು ಹಿಡಿದಿಡುವುದು. ಫ್ಲೀಸ್ ಎಂಬ, ಟವೆಲಿನಂತೆ ನವಿರಾದ ಜುಂಗುಳ್ಳ ಪಾಲಿಯೆಸ್ಟರ್ ಬಟ್ಟೆ ಹಗುರ, ಅಗ್ಗ, ಬೇಗ ಒಣಗುತ್ತದೆ. ಕಪಾಟಿನಲ್ಲಿರುವ ಹಳೆಯ ಉಣ್ಣೆಯ ಸ್ವೆಟರ್ ಭಾರವಾದರೂ ಕೆಲಸ ಮಾಡುತ್ತದೆ, ಹೊಸದಕ್ಕೆ ದುಡ್ಡು ಹಾಕಲೇಬೇಕೆಂದಿಲ್ಲ. ಡೌನ್ ಜಾಕೆಟ್ ಎಂದರೆ ಬಾತಿನ ಎದೆಯ ಮೃದುವಾದ ತುಪ್ಪಳವನ್ನು ತುಂಬಿದ್ದು. ತೂಕಕ್ಕೆ ಹೋಲಿಸಿದರೆ ಅದರಷ್ಟು ಬೆಚ್ಚಗಿನ ವಸ್ತು ಸುಲಭವಾಗಿ ಸಿಗುವುದಿಲ್ಲ, ಆದರೆ ತೋಯ್ದರೆ ತುಪ್ಪಳ ಮುದ್ದೆಯಾಗಿ ಗಾಳಿ ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಒಣ ಲಡಾಖಿಗೆ ಡೌನ್ ಒಳ್ಳೆಯ ಆಯ್ಕೆ. ಮಳೆಯ ಸಾಧ್ಯತೆ ಹೆಚ್ಚಿರುವ ಕೇದಾರ ಬದರಿಯ ದಾರಿಗೆ ಫ್ಲೀಸ್, ಅದರ ಮೇಲೆ ಕೃತಕ ಎಳೆ ತುಂಬಿದ ಜಾಕೆಟ್ ಹೆಚ್ಚು ಭರವಸೆಯದು ಎಂಬುದು ನನ್ನ ತಿಳಿವಳಿಕೆ.

ಮೂರನೆಯದು ಗಾಳಿ ಮಳೆಗಳನ್ನು ತಡೆಯುವ ಹೊರಗವಸು. ಮಳೆಯ ವಿಚಾರದಲ್ಲಿ ನಮಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಕರಾವಳಿಯವರಿಗೆ ಅನ್ನಿಸುವುದು ಸಹಜ. ಆದರೆ ನಾವು ಸ್ಕೂಟರಿನಲ್ಲಿ ಹೋಗುವಾಗ ಹಾಕುವ ರಬ್ಬರಿನಂಥ ರೇನ್‌ಕೋಟ್ ಅಲ್ಲಿಗೆ ಒಗ್ಗುವುದಿಲ್ಲ. ಅಟ್ಟಿನಳಗೆಯಲ್ಲಿ ಪುಂಡಿ ಬೇಯಿಸುವಾಗ ಮುಚ್ಚಳದ ಒಳಬದಿಯಲ್ಲಿ ಹನಿಗಟ್ಟುವಂತೆ, ಅದನ್ನು ತೊಟ್ಟು ಏರು ಹತ್ತಿದರೆ ಬೆವರಿನ ಆವಿ ಹೊರಗೆ ಹೋಗಲಾರದೆ ಒಳಗೇ ನೀರಾಗುತ್ತದೆ. ಹೊರಗಿನಿಂದ ತೋಯದ ಮೈ ಒಳಗಿನಿಂದ ತೋಯುತ್ತದೆ. ಚಾರಣಕ್ಕೆಂದೇ ಮಾಡಿದ ಜಾಕೆಟಿನಲ್ಲಿ ಮಳೆಹನಿ ನುಗ್ಗಲಾರದ, ಆದರೆ ಆವಿ ದಾಟಬಲ್ಲ ಅತಿ ಸೂಕ್ಷ್ಮ ರಂಧ್ರಗಳ ಪೊರೆ ಇರುತ್ತದೆ, ಕಂಕುಳ ಕೆಳಗೆ ತೆರೆಯುವ ಜಿಪ್ಪೂ ಇರುತ್ತದೆ. ಅಷ್ಟು ಖರ್ಚು ಬೇಡವೆನಿಸಿದರೆ ಸಡಿಲವಾಗಿ ಇಳಿಬೀಳುವ ಪೊಂಚೋ ಒಳ್ಳೆಯದು. ಬದಿಗಳಿಂದ ಗಾಳಿ ಆಡುತ್ತದೆ, ಬೆನ್ನ ಮೇಲಿನ ಚೀಲವೂ ಅದರಡಿ ಮುಚ್ಚಿಹೋಗುತ್ತದೆ. ಕೊಡೆ ಮಾತ್ರ ಬೇಡ. ಇಕ್ಕಟ್ಟಾದ ದಾರಿಯಲ್ಲಿ, ಗಾಳಿಗೆ, ಕುದುರೆಗಳ ನಡುವೆ ಅದು ತೊಡಕು.

ಪದರಗಳನ್ನು ಹೊತ್ತುಕೊಂಡು ಹೋದರೆ ಸಾಲದು, ಬಳಸುವ ಹೊತ್ತೂ ತಿಳಿದಿರಬೇಕು. ನಡಿಗೆ ಆರಂಭಿಸುವಾಗ ಸ್ವಲ್ಪ ಚಳಿಯೆನಿಸುವಷ್ಟೇ ತೊಡಬೇಕು, ಹತ್ತು ನಿಮಿಷದಲ್ಲಿ ಮೈ ತಾನಾಗಿ ಬಿಸಿಯಾಗುತ್ತದೆ. ಬೆವರು ಮೂಡುವ ಮೊದಲೇ ನಡುವಿನ ಪದರ ತೆಗೆಯಬೇಕು. ನಿಂತ ಕೂಡಲೇ, ಚಳಿಯಾಗುವುದನ್ನು ಕಾಯದೆ, ಮತ್ತೆ ಹಾಕಬೇಕು.

ಗಾಳಿ ಸೇರಿದಾಗ

ತಾಪಮಾನ 5 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು 0 ಡಿಗ್ರಿಯಂತೆ ತೋರುತ್ತದೆ. 0 ಡಿಗ್ರಿಯಲ್ಲಿ ಅದೇ ಗಾಳಿ ಬೀಸಿದರೆ ಶೂನ್ಯಕ್ಕಿಂತ ಆರು ಡಿಗ್ರಿ ಕೆಳಗಿದ್ದಂತೆ. ಹವಾಮಾನ ವರದಿಯಲ್ಲಿ ‘ವಿಂಡ್ ಚಿಲ್’ ಎನ್ನುವುದು ಇದಕ್ಕೆ. ಮೈ ಸುತ್ತ ಕಷ್ಟಪಟ್ಟು ಕಾಯಿಸಿಕೊಂಡ ಗಾಳಿಯ ಪದರವನ್ನು ಬೀಸುಗಾಳಿ ಕಿತ್ತುಕೊಂಡು ಹೋಗುತ್ತದೆ. ಫ್ಲೀಸ್ ಎಷ್ಟೇ ಬೆಚ್ಚಗಿದ್ದರೂ ಗಾಳಿ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಆದ್ದರಿಂದ ಮಳೆಯಿಲ್ಲದಿದ್ದರೂ ಕಣಿವೆಯ ತುದಿಯಲ್ಲಿ ಹೊರಗವಸು ಬೇಕಾಗುತ್ತದೆ.

ತಲೆ, ಕೈ, ಕಾಲು

ಚಳಿ ಹೆಚ್ಚಾದಾಗ ದೇಹ ಹೃದಯ, ಮೆದುಳುಗಳಂಥ ಮುಖ್ಯ ಅಂಗಗಳನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬೆರಳ ತುದಿಗಳು ಮೊದಲು ಮರಗಟ್ಟುವುದಕ್ಕೆ ಇದು ಕಾರಣ. ಬೆರಳುಗಳು ಒಂದಕ್ಕೊಂದು ತಾಗಿಕೊಂಡು ಬಿಸಿ ಹಂಚಿಕೊಳ್ಳುವ, ಹೆಬ್ಬೆರಳು ಮಾತ್ರ ಬೇರೆಯಿರುವ ಗವಸು ಐದು ಬೆರಳಿನ ಗವಸಿಗಿಂತ ಬೆಚ್ಚಗೆ. ಒಳಗೆ ತೆಳುವಾದ ಉಣ್ಣೆಯ ಗವಸು, ಹೊರಗೆ ನೀರು ಹಿಡಿಯದ ಗವಸು ಎಂಬ ಜೋಡಿ ಎಲ್ಲಕ್ಕಿಂತ ಅನುಕೂಲ. ತಲೆಯಿಂದಲೇ ಮೈಯ ಬಿಸಿಯೆಲ್ಲ ಹೋಗುತ್ತದೆ ಎಂಬ ಮಾತು ಸರಿಯಲ್ಲ; ತಲೆ ದೇಹದ ಮೇಲ್ಮೈಯ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಆದರೆ ಉಳಿದದ್ದನ್ನೆಲ್ಲ ಮುಚ್ಚಿ ಅದನ್ನು ತೆರೆದಿಟ್ಟರೆ ಸೋರಿಕೆ ಅಲ್ಲಿಂದಲೇ. ಕಿವಿ ಮುಚ್ಚುವ ಟೊಪ್ಪಿಯೂ ಕುತ್ತಿಗೆಗೆ ಏರಿಸಿ ಇಳಿಸಬಹುದಾದ ಬಟ್ಟೆಯ ಕೊಳವೆಯೂ ಚೀಲದಲ್ಲಿರಲಿ.

ಕಾಲಿನ ವಿಚಾರದಲ್ಲಿ ನಾವು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಬಿಗಿಯಾದ ಶೂ ಒಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತಸಂಚಾರಕ್ಕೂ ಗಾಳಿಗೂ ಜಾಗವಿಲ್ಲದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ದಪ್ಪ ಉಣ್ಣೆಯ ಒಂದೇ ಜೊತೆ, ಅದನ್ನು ತೊಟ್ಟೇ ಅಳತೆ ನೋಡಿ ಕೊಂಡ ಶೂ ಸಾಕು. ಎರಡನೆಯದು, ಹೊಸ ಶೂವನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಗೌರಿಕುಂಡದಲ್ಲಿ ಹಾಕುವುದು. ವರ್ಷವಿಡೀ ಚಪ್ಪಲಿಯಲ್ಲಿ ಓಡಾಡುವ ಪಾದಕ್ಕೆ ಶೂವೇ ಅಪರಿಚಿತ. ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಕದ್ರಿ ಗುಡ್ಡದ ಮೆಟ್ಟಿಲುಗಳಲ್ಲೋ ಮಣಿಪಾಲದ ಎಂಡ್ ಪಾಯಿಂಟಿನ ದಾರಿಯಲ್ಲೋ ಅದನ್ನು ತೊಟ್ಟು ನಡೆದು ಪಳಗಿಸಿದರೆ ಬೊಬ್ಬೆಗಳು ಇಲ್ಲಿಯೇ ಎದ್ದು ಇಲ್ಲಿಯೇ ಮಾಯುತ್ತವೆ, ಕಾಲಿಗೂ ಏರುವ ಅಭ್ಯಾಸವಾಗುತ್ತದೆ.

ಚಳಿಯ ಊರಿನ ಬಿಸಿಲು

ಪ್ರತಿ 1,000 ಮೀಟರ್ ಏರಿದಂತೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬೀಳುವ ಈ ಕಿರಣಗಳಲ್ಲಿ ಶೇಕಡಾ 80ರವರೆಗೂ ಹಿಂದಿರುಗಿಸುತ್ತದೆ, ಅಂದರೆ ಬಿಸಿಲು ಮೇಲಿನಿಂದಲೂ ಕೆಳಗಿನಿಂದಲೂ ಹೊಡೆಯುತ್ತದೆ. ಪಣಂಬೂರಿನ ಮರಳಿನಲ್ಲಿ ಕಪ್ಪಾದ ಚರ್ಮಕ್ಕೆ ಏನೂ ಆಗದು ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಮೂಗು, ಗಲ್ಲದ ಕೆಳಭಾಗ, ಕಿವಿಗಳಿಗೂ ಸನ್‌ಸ್ಕ್ರೀನ್ ಬೇಕು. ಅತಿನೇರಳೆ ಕಿರಣ ತಡೆಯುತ್ತದೆಂದು ನಮೂದಿಸಿದ ತಂಪು ಕನ್ನಡಕ ಮಕ್ಕಳಿಗೂ ಬೇಕು. ಹಿಮದ ಮೇಲೆ ಬರಿಗಣ್ಣಿನಲ್ಲಿ ಕಳೆದ ದಿನದ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ, ನೀರು ಸುರಿಯುವುದು ಉಂಟು. ಇದು ಕಣ್ಣಿನ ಹೊರಪದರ ಸುಟ್ಟುದರ ಪರಿಣಾಮ.

ಒಣಗಾಳಿಗೆ ತುಟಿ, ಹಿಮ್ಮಡಿ ಒಡೆಯುತ್ತವೆ. ನಮ್ಮವರು ಇದಕ್ಕೆ ತೆಂಗಿನೆಣ್ಣೆ ಒಯ್ಯುತ್ತಾರೆ, ಅದು ಸರಿಯೂ ಹೌದು. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ನೀರಿನಂತಿರುವ ಎಣ್ಣೆ ಅಲ್ಲಿ ಕಿರಿದಾದ ಬಾಯಿಯ ಬಾಟಲಿಯೊಳಗೆ ಮೇಣದಂತೆ ಕೂತುಬಿಡುತ್ತದೆ, ಬಡಿದರೂ ಹೊರಗೆ ಬರುವುದಿಲ್ಲ. ಬೆರಳು ಹೋಗುವಷ್ಟು ಅಗಲ ಬಾಯಿಯ ಸಣ್ಣ ಡಬ್ಬಿಯಲ್ಲಿ ತುಂಬಿಕೊಳ್ಳಬೇಕು. ಮೇಲೇರಿದಂತೆ ಒತ್ತಡ ಇಳಿಯುವುದರಿಂದ ಮುಚ್ಚಿದ ಪೊಟ್ಟಣಗಳು ಉಬ್ಬುತ್ತವೆ, ಶಾಂಪೂ ಬಾಟಲಿಗಳು ಸೋರುತ್ತವೆ; ಅವುಗಳನ್ನು ಬಟ್ಟೆಯಿಂದ ದೂರ, ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು.

ಬಟ್ಟೆಯಿಂದ ಪರಿಹಾರವಾಗದ ಸಂಗತಿ: ಎತ್ತರ

3,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟು. ಅಂದರೆ ಮಂಗಳೂರಿನಲ್ಲಿ ಮೂರು ಪಾಲು ಆಮ್ಲಜನಕ ತರುವ ಒಂದು ಉಸಿರು ಅಲ್ಲಿ ಎರಡೇ ಪಾಲು ತರುತ್ತದೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಹಸಿವಿಲ್ಲದಿರುವುದು ಇದರ ಮೊದಲ ಸೂಚನೆಗಳು. ವ್ಯಾಯಾಮ ಮಾಡುವವರಿಗೆ, ಯುವಕರಿಗೆ ಇದು ಬಾರದು ಎಂದೇನಿಲ್ಲ. ದೆಹಲಿಯಿಂದ ವಿಮಾನದಲ್ಲಿ ಲೇಹ್‌ಗೆ ಇಳಿದವರು ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿ ಪಡೆಯಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸದಿರುವುದು ವೈದ್ಯರು ಒಪ್ಪಿರುವ ಕ್ರಮ. ಅಸೆಟಾಝೋಲಮೈಡ್ ಎಂಬ ಮಾತ್ರೆಯನ್ನು ಇದಕ್ಕೆ ಕೊಡುತ್ತಾರೆ, ಆದರೆ ಅದು ಎಲ್ಲರಿಗೂ ಒಗ್ಗುವುದಿಲ್ಲವಾದ್ದರಿಂದ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಬೇಕು. ಹೃದಯ, ಶ್ವಾಸಕೋಶದ ತೊಂದರೆಯಿರುವವರು, ಗರ್ಭಿಣಿಯರು ಖಂಡಿತ ಕೇಳಬೇಕು.

ಬಟ್ಟೆಯಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುವುದು ಯಾತ್ರಿಕರಲ್ಲಿ ರೂಢಿಯಲ್ಲಿದೆ. ಅದರ ಘಾಟಿಗೆ ಮೂಗು ತೆರೆದಂತೆ ಅನ್ನಿಸುತ್ತದೆ, ಆದರೆ ರಕ್ತಕ್ಕೆ ಅದು ಆಮ್ಲಜನಕ ಸೇರಿಸುವುದಿಲ್ಲ. ಮಕ್ಕಳ ಕೈಗೆ ಸಿಗದಂತೆಯೂ ನೋಡಿಕೊಳ್ಳಬೇಕು, ನುಂಗಿದರೆ ಕರ್ಪೂರ ವಿಷ. ಕುಳಿತಲ್ಲೇ ಏದುಸಿರು, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಮಾಡಬೇಕಾದದ್ದು ಕೂಡಲೇ ಕೆಳಗಿಳಿಯುವುದು ಮತ್ತು ವೈದ್ಯರನ್ನು ಕಾಣುವುದು. ದೇವಸ್ಥಾನ ಎರಡೇ ಕಿಲೋಮೀಟರ್ ದೂರವಿದ್ದರೂ ಸರಿಯೇ.

ಚೀಲ ಜೋಡಿಸುವ ಕ್ರಮ

ಕರಾವಳಿಯಿಂದ ಹೊರಡುವವರಿಗೆ ಒಂದು ವಿಶೇಷ ತೊಡಕಿದೆ. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಹತ್ತಿದವರು ಮೇ ತಿಂಗಳ ದೆಹಲಿಯಲ್ಲಿ 40 ಡಿಗ್ರಿಯ ಬಿಸಿಗೆ ಇಳಿಯುತ್ತಾರೆ, ಅದರ ಎರಡು ಮೂರು ದಿನದೊಳಗೆ ಶೂನ್ಯದ ಹತ್ತಿರಕ್ಕೆ ಏರುತ್ತಾರೆ. ಬೇಸಿಗೆಯ ಬಟ್ಟೆಗಳನ್ನು ಒಂದು ಕಡೆ, ಪರ್ವತದ ಬಟ್ಟೆಗಳನ್ನು ಇನ್ನೊಂದು ಕಡೆ ಕಟ್ಟಿಕೊಂಡರೆ, ಮೊದಲಿನ ಗಂಟನ್ನು ಕೆಳಗಿನ ವಸತಿಯಲ್ಲೇ ಬಿಟ್ಟು ಹಗುರವಾಗಿ ಹತ್ತಬಹುದು.

ಹೆಗಲ ಚೀಲದಲ್ಲಿ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಒಳಪದರವಾಗಿ ಹಾಸಿ ಅದರೊಳಗೆ ಬಟ್ಟೆ ತುಂಬಬೇಕು. ಜೂನಿನಲ್ಲಿ ಮಕ್ಕಳ ಪುಸ್ತಕಗಳನ್ನು ಶಾಲೆಗೆ ಕಳಿಸುವಾಗ ನಾವು ಮಾಡುವುದೂ ಇದನ್ನೇ. ಚೀಲದ ಮೇಲಿನ ಹೊದಿಕೆಯೊಂದನ್ನೇ ನಂಬಬಾರದು. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ತಳದಲ್ಲಿ ಮಲಗುವ ಜೊತೆ ಬಟ್ಟೆ ಮತ್ತು ಒಂದು ಜೊತೆ ಕಾಲುಚೀಲ ಇರಲಿ. ಈ ಗಂಟನ್ನು ಹಗಲಿನಲ್ಲಿ ಯಾವ ಕಾರಣಕ್ಕೂ ಬಿಚ್ಚಬಾರದು. ಇಡೀ ದಿನ ನೆನೆದರೂ ರಾತ್ರಿ ಒಣಗಿದ ಬಟ್ಟೆಯಲ್ಲಿ ಮಲಗುತ್ತೇನೆಂಬ ಖಾತ್ರಿ ಅದರಲ್ಲಿರುತ್ತದೆ. ಎಲ್ಲಕ್ಕಿಂತ ಮೇಲೆ ಹೊರಗವಸು, ಅದರ ಕೆಳಗೆ ಫ್ಲೀಸ್. ಮಳೆ ಆರಂಭವಾದ ಮೇಲೆ ಚೀಲ ಬಗೆಯುತ್ತಾ ನಿಂತರೆ ಒಳಗಿರುವುದೆಲ್ಲ ತೋಯುತ್ತದೆ. ದಪ್ಪ ಟರ್ಕಿ ಟವೆಲಿನ ಬದಲು ನಮ್ಮ ಬೈರಾಸು ಒಯ್ಯಿರಿ. ಹತ್ತಿಯದಾದರೂ ಅದು ತೆಳು, ಹಿಂಡಿ ಹಾಕಿದರೆ ಬೇಗ ಒಣಗುತ್ತದೆ, ಮಡಚಿದರೆ ಜಾಗವನ್ನೂ ಹಿಡಿಯುವುದಿಲ್ಲ.

ಚಳಿಗೆ ಮೊಬೈಲಿನ ಬ್ಯಾಟರಿ ಬೇಗ ಇಳಿಯುತ್ತದೆ, ಏಕೆಂದರೆ ಒಳಗಿನ ರಾಸಾಯನಿಕ ಕ್ರಿಯೆಯೇ ತಣ್ಣಗಿದ್ದಾಗ ನಿಧಾನವಾಗುತ್ತದೆ. ಮೊಬೈಲನ್ನು ಒಳ ಜೇಬಿನಲ್ಲಿ, ಮೈಯ ಬಿಸಿಗೆ ಹತ್ತಿರವಾಗಿ ಇಟ್ಟುಕೊಳ್ಳಬೇಕು, ರಾತ್ರಿ ಹೊದಿಕೆಯೊಳಗೆ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು. ದೊಡ್ಡ ಲಗೇಜಿನಲ್ಲಿ ಅದಕ್ಕೆ ಅವಕಾಶವಿಲ್ಲ. ದಿನವೂ ತೆಗೆದುಕೊಳ್ಳುವ ಔಷಧಿಗಳೂ ಕೈಚೀಲದಲ್ಲೇ ಇರಲಿ.

ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ. ಮನಾಲಿ, ಲೇಹ್‌ಗಳಲ್ಲಿ ದಪ್ಪ ಜಾಕೆಟ್, ಗಂಬೂಟುಗಳು ಬಾಡಿಗೆಗೆ ಸಿಗುತ್ತವೆ. ಮೈಗೆ ತಾಗುವ ಪದರ, ಕಾಲುಚೀಲ, ಶೂ ಇವು ಮೂರು ಮಾತ್ರ ನಿಮ್ಮವೇ ಆಗಿರಬೇಕು.

ಮರಳಿ ಬಂದ ಮೇಲೆ

ಯಾತ್ರೆ ಮುಗಿಸಿ ಮೇ ಕೊನೆಗೆ ಊರು ಸೇರುವ ಹೊತ್ತಿಗೆ ನಮ್ಮ ಮಳೆಗಾಲ ಹೊಸ್ತಿಲಲ್ಲಿ ಇರುತ್ತದೆ. ಬೆವರಿನ ತೇವವಿರುವ ಜಾಕೆಟನ್ನು ಹಾಗೆಯೇ ಒತ್ತಿ ಮಡಚಿ ಅಟ್ಟಕ್ಕೆ ಏರಿಸಿದರೆ ಆಗಸ್ಟಿನಲ್ಲಿ ತೆರೆಯುವಾಗ ಬೂಷ್ಟು ಹಿಡಿದಿರುತ್ತದೆ, ಒತ್ತಿಟ್ಟ ತುಪ್ಪಳ ಮತ್ತೆ ಉಬ್ಬುವ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ಮೋಡ ಕಟ್ಟುವ ಮೊದಲಿನ ಒಳ್ಳೆಯ ಬಿಸಿಲಿನ ದಿನ ನೋಡಿ, ಸೌಮ್ಯವಾದ ಸಾಬೂನಿನಲ್ಲಿ ಒಗೆದು, ನೆರಳು ಬಿಸಿಲುಗಳೆರಡರಲ್ಲೂ ಒಳಗಿನ ಗಂಟುಗಳನ್ನು ಕೈಯಿಂದ ಬಿಡಿಸುತ್ತಾ ಪೂರ್ತಿ ಒಣಗಿಸಬೇಕು. ಆಮೇಲೆ ಸಡಿಲವಾದ ಹತ್ತಿಯ ಚೀಲದಲ್ಲಿ ಹಾಕಿ, ಗೋಡೆಗೆ ತಾಗದಂತೆ ಕಪಾಟಿನಲ್ಲಿ ತೂಗುಹಾಕಬೇಕು. ಉಣ್ಣೆಯ ಬಟ್ಟೆಗಳ ನಡುವೆ ನುಸಿಗುಳಿಗೆ ಇಟ್ಟು, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಒಮ್ಮೊಮ್ಮೆ ಹೊರತೆಗೆದು ಜಗಲಿಯ ಗಾಳಿಗೆ ಹಿಡಿದರೆ ಮುಂದಿನ ಶಿವರಾತ್ರಿಯ ಹೊತ್ತಿಗೆ ಅವು ಮತ್ತೆ ಬಳಕೆಗೆ ಸಿದ್ಧವಾಗಿರುತ್ತವೆ.